ಓದುಗರ ಪ್ರಶ್ನೆ, ಛಾಯಾಗ್ರಾಹಕರ ಉತ್ತರ: ಕತ್ತಲ ಕುಣಿತಕ್ಕೆ ಯಾವ ಕ್ಯಾಮೆರಾ?

ಪ್ರಶ್ನೆ: ಮಾನ್ಯರೇ, ನಾನು ಕಾರವಾರದ ಕೋಡಿಬಾಗದವನು. ಆರು ವರ್ಷಗಳಿಂದ ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ಫೋಟೋ ತೆಗೆಯುತ್ತಿದ್ದೇನೆ. ಈ ಸೀಸನ್ನಿನಲ್ಲಿ ಗಡಿಯಾಚೆ, ಗೋವಾದ ಒಂದು ನೈಟ್‌ಕ್ಲಬ್ಬಿನಿಂದ ಶನಿವಾರ ರಾತ್ರಿಗಳ ಕೆಲಸ ಬಂದಿದೆ. ಪ್ರಯೋಗಕ್ಕೆಂದು ಒಂದು ರಾತ್ರಿ ಹೋಗಿಬಂದೆ. ಫ್ಲ್ಯಾಷ್ ಇಲ್ಲದೆ ತೆಗೆದವೆಲ್ಲ ಮಸುಕು. ಕ್ಯಾಮೆರಾದ ಫ್ಲ್ಯಾಷ್ ಎತ್ತಿದರೆ ಮುಖ ಸುಣ್ಣ ಬಳಿದಂತೆ, ಹಿಂದೆಲ್ಲ ಕಗ್ಗತ್ತಲು. ಹೊಗೆ ಬಿಟ್ಟಾಗಲಂತೂ ಬಿಳಿ ಪರದೆ ಬಿಟ್ಟು ಬೇರೇನೂ ಬಂದಿಲ್ಲ. ನನ್ನಲ್ಲಿರುವುದು ನಿಕಾನ್ ಡಿ5600, ಅದರ ಜೊತೆಗೇ ಬಂದ 18-55 ಲೆನ್ಸ್ ಮತ್ತು 50 ಮಿ.ಮೀ. ಎಫ್ 1.8 ಲೆನ್ಸ್. ಕೈಯಲ್ಲಿ 1,20,000 ರೂಪಾಯಿ ಇದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಳ್ಳದೆ ಈ ಕೆಲಸ ಆಗದು ಎಂದು ಸ್ನೇಹಿತರು ಹೇಳುತ್ತಾರೆ. ತಾವು ಏನು ಹೇಳುತ್ತೀರಿ?

ಉತ್ತರ: ಕೊಳ್ಳುವ ಮೊದಲು ಪ್ರಯೋಗಕ್ಕೆ ಹೋದಿರಲ್ಲ, ಅದು ಬಹಳ ಒಳ್ಳೆಯ ಕೆಲಸವಾಯಿತು. ನಿಮ್ಮ ಪತ್ರದಲ್ಲಿ ಮೂರು ದೋಷಗಳಿವೆ: ಮಸುಕು, ಕಪ್ಪು ಹಿನ್ನೆಲೆ, ಹೊಗೆಯ ಬಿಳುಪು. ಈ ಮೂರರಲ್ಲಿ ಒಂದೂ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಫಲಕ, ಸಣ್ಣದಾಗಿರುವುದರಿಂದ ಬಂದದ್ದಲ್ಲ. ಆದ್ದರಿಂದ ನಿಮ್ಮ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ. ನೈಟ್‌ಕ್ಲಬ್ಬಿನಲ್ಲಿ ಮುಖದ ಮೇಲೆ ಬೀಳಬೇಕಾದ ಬೆಳಕನ್ನು ನೀವೇ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಹಣ ಮೊದಲು ಫ್ಲ್ಯಾಷಿಗೆ, ನಂತರ ಲೆನ್ಸಿಗೆ, ಕೊನೆಗೆ ಉಳಿದರೆ ಕ್ಯಾಮೆರಾಕ್ಕೆ ಹೋಗಬೇಕು.

ಕ್ಲಬ್ಬಿನ ಪ್ರತಿ ಚಿತ್ರದಲ್ಲೂ ಎರಡು ಬೆಳಕುಗಳು ಕೂಡುತ್ತವೆ. ಒಂದು ನಿಮ್ಮ ಫ್ಲ್ಯಾಷಿನದು, ಇನ್ನೊಂದು ಆ ಕೋಣೆಯದು. ಫ್ಲ್ಯಾಷಿನ ಮಿಂಚು ಪೂರ್ಣ ಬಲದಲ್ಲಿಯೂ ಸುಮಾರು 1/300ರಿಂದ 1/1000 ಸೆಕೆಂಡಿನೊಳಗೆ ಮುಗಿಯುತ್ತದೆ, ಬಲವನ್ನು 1/32ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದಾಗುತ್ತದೆ. ಅಷ್ಟರೊಳಗೆ ಯಾವ ಕುಣಿತವೂ ಅಲುಗಾಡಲಾರದು, ಆದ್ದರಿಂದ ಮುಖ ಸ್ಪಷ್ಟವಾಗಿಯೇ ಬರುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಷಿನ ಪಾಲು ಬದಲಾಗುವುದಿಲ್ಲ, ಕೋಣೆಯ ಬೆಳಕಿನ ಪಾಲು ಮಾತ್ರ ಹೆಚ್ಚುತ್ತ ಹೋಗುತ್ತದೆ. ಮದುವೆ ಮಂಟಪದ ಅಭ್ಯಾಸದಂತೆ ನೀವು ಶಟರನ್ನು 1/125 ಸೆಕೆಂಡಿಗೆ ಇಟ್ಟಿದ್ದೀರಿ ಎಂದು ಊಹಿಸುತ್ತೇನೆ, ಹಿನ್ನೆಲೆ ಕಪ್ಪಾದದ್ದು ಅದರಿಂದಲೇ. ಅದೇ ಜಾಗದಲ್ಲಿ 1/10 ಸೆಕೆಂಡ್ ಇಟ್ಟರೆ ಹಿಂದಿನ ದೀಪಗಳು, ಬಣ್ಣದ ಕಿರಣಗಳು, ಜನರ ನೆರಳುಗಳು ಚಿತ್ರದೊಳಕ್ಕೆ ಬಂದು ಕೂರುತ್ತವೆ. ಹೊಸಬರಿಗೆ ಇಷ್ಟು ನಿಧಾನದ ಶಟರಿನ ಮೇಲೆ ನಂಬಿಕೆ ಬರುವುದಿಲ್ಲ, ಕೈ ಅಲುಗಿ ಎಲ್ಲವೂ ಕೆಡುತ್ತದೆ ಎಂದು ಹೆದರುತ್ತಾರೆ. ಆದರೆ ಮುಖದ ಮೇಲೆ ಕೋಣೆಯ ಬೆಳಕು ಹೆಚ್ಚು ಬೀಳದಂತೆ, ಅಂದರೆ ಸ್ಪಾಟ್ ದೀಪದ ಕೆಳಗಲ್ಲದೆ ತುಸು ಮಬ್ಬಿನಲ್ಲಿ ಜನರನ್ನು ನಿಲ್ಲಿಸಿದರೆ, ಅಲುಗುವುದು ಹಿನ್ನೆಲೆ ಮಾತ್ರ, ಮುಖವಲ್ಲ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಯಾವ ಫ್ಲ್ಯಾಷ್ ಸಾಕು ಎಂಬುದು ಲೆಕ್ಕದಿಂದಲೇ ತಿಳಿಯಬೇಕು. ಐಎಸ್‌ಒ 100ರಲ್ಲಿ (ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) ಮೀಟರಿನಲ್ಲಿ ದೂರವನ್ನು ಎಫ್ ಸಂಖ್ಯೆಯಿಂದ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಗುಣಿಸಿದರೆ ಬರುವುದೇ ಫ್ಲ್ಯಾಷಿನ ಗೈಡ್ ನಂಬರ್, ಅಂದರೆ ಅದರ ಬಲದ ಅಳತೆ. ಪೆಟ್ಟಿಗೆಯ ಮೇಲೆ 60 ಎಂದು ಬರೆದಿರುತ್ತಾರೆ, ಆದರೆ ಅದು ಫ್ಲ್ಯಾಷಿನ ಬೆಳಕನ್ನು 200 ಮಿ.ಮೀ. ಲೆನ್ಸಿಗೆ ತಕ್ಕಂತೆ ಕಿರಿದು ಮಾಡಿದಾಗಿನ ಸಂಖ್ಯೆ. ಕ್ಲಬ್ಬಿನಲ್ಲಿ ಬೇಕಾಗುವ ಅಗಲಕ್ಕೆ ತೆರೆದಾಗ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಸುಲಭಕ್ಕಾಗಿ 32 ಎಂದಿಟ್ಟುಕೊಳ್ಳಿ. ಬಲವನ್ನು ನಾಲ್ಕನೇ ಒಂದಕ್ಕೆ ಇಳಿಸಿದರೆ ಗೈಡ್ ನಂಬರ್ ಅರ್ಧವಾಗುತ್ತದೆ, ಐಎಸ್‌ಒ ನಾಲ್ಕು ಪಟ್ಟಾದರೆ ಅದು ಎರಡು ಪಟ್ಟಾಗುತ್ತದೆ. ಹಾಗೆಂದರೆ 1/16 ಬಲದಲ್ಲಿ 8, ಐಎಸ್‌ಒ 400ರಲ್ಲಿ ಅದೇ 16, ಎರಡು ಮೀಟರ್ ದೂರದಲ್ಲಿರುವ ಜೋಡಿಗೆ ಎಫ್ 8. ಎಫ್ 5.6 ಇಟ್ಟರೆ 1/32 ಬಲವೇ ಸಾಕು. ಕೋಣೆ ಇನ್ನೂ ಕತ್ತಲಾಗಿ ಕಂಡರೆ ಐಎಸ್‌ಒ 800ಕ್ಕೆ ಏರಿಸಿ ಫ್ಲ್ಯಾಷನ್ನು 1/64ಕ್ಕೆ ಇಳಿಸಿ. ಮುಖ ಹಾಗೆಯೇ ಇರುತ್ತದೆ, ಕೋಣೆ ಎರಡು ಪಟ್ಟು ಬೆಳಗುತ್ತದೆ. ಈ ಒಂದು ಅದಲುಬದಲನ್ನು ಮನೆಯ ಕತ್ತಲ ಕೋಣೆಯಲ್ಲಿ, ಒಂದು ಕುರ್ಚಿಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಹಿಂದೆ ಬಣ್ಣದ ಸರದೀಪ ಹಚ್ಚಿ, ಎರಡು ಸಂಜೆ ಅಭ್ಯಾಸ ಮಾಡಿದರೆ ಆಮೇಲೆ ಕೈ ತಾನಾಗಿ ಓಡುತ್ತದೆ.

ಇಷ್ಟು ಕಡಿಮೆ ಬಲದಲ್ಲಿ ಕೆಲಸ ನಡೆಯುವುದರಿಂದ ಬಹಳ ಶಕ್ತಿಯ ಫ್ಲ್ಯಾಷ್ ಬೇಕಿಲ್ಲ ಎಂದು ನಿಮಗೆ ಅನ್ನಿಸಬಹುದು, ಅದು ನಿಜವೂ ಹೌದು. ನಿಮ್ಮ ಡಿ5600ರ ಒಳಗಿನ ಪುಟ್ಟ ಫ್ಲ್ಯಾಷಿಗೂ ಗೈಡ್ ನಂಬರ್ 12 ಇದೆ, ಎರಡು ಮೀಟರಿಗೆ ಅದು ಧಾರಾಳ. ಅದರ ತೊಂದರೆ ಬಲದ್ದಲ್ಲ, ಜಾಗದ್ದು. ಲೆನ್ಸಿಗೆ ಅಂಟಿಕೊಂಡಂತೆ ಕೂತಿರುವುದರಿಂದ ಕಣ್ಣು ಕೆಂಪಾಗುತ್ತದೆ, ಮುಖ ಚಪ್ಪಟೆಯಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಲೆನ್ಸಿನ ಮುಂದಿನ ಹೊಗೆಯನ್ನೇ ಅದು ಮೊದಲು ಬೆಳಗುತ್ತದೆ. ಮಂಜು ಕವಿದ ದಿನ ದೇವಿಮನೆ ಘಟ್ಟದಲ್ಲಿ ಕಾರಿನ ಹೈಬೀಮ್ ಹಾಕಿದರೆ ರಸ್ತೆ ಕಾಣುವ ಬದಲು ಬಿಳಿ ಗೋಡೆ ಕಾಣುತ್ತದಲ್ಲ, ಇಲ್ಲಿಯೂ ಆಗುವುದು ಅದೇ. ನಾನು ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ ಹೊಗೆಯಂತ್ರದ ಎದುರಿಗೇ ನಿಂತು ಅರ್ಧ ರಾತ್ರಿಯ ಚಿತ್ರಗಳನ್ನು ಕಳೆದುಕೊಂಡೆ. ಆ ನೋವಿನಿಂದಲೇ ಹೇಳುತ್ತಿದ್ದೇನೆ: ಫ್ಲ್ಯಾಷ್ ಕ್ಯಾಮೆರಾದಿಂದ ಬೇರೆಯಾಗಲೇಬೇಕು. ತಂತಿಯಿಲ್ಲದೆ ಫ್ಲ್ಯಾಷನ್ನು ಮಿಂಚಿಸುವ ಒಂದು ವೈರ್‌ಲೆಸ್ ಟ್ರಿಗರ್ ಕೊಂಡು, ಕ್ಯಾಮೆರಾ ಬಲಗೈಯಲ್ಲಿ, ಫ್ಲ್ಯಾಷ್ ಎಡಗೈಯಲ್ಲಿ ತೋಳು ಚಾಚಿ ಮೇಲಕ್ಕೆ ಹಿಡಿದರೆ, ನಿಮ್ಮ ಮತ್ತು ಎದುರಿನವರ ನಡುವಿನ ಹೊಗೆಗೆ ಬೆಳಕು ಕಡಿಮೆ ತಾಗುತ್ತದೆ, ಮುಖಕ್ಕೂ ಒಂದು ಬದಿಯ ನೆರಳು ಸಿಕ್ಕಿ ಆಕಾರ ಬರುತ್ತದೆ. ಹೊಗೆ ಬಿಟ್ಟ ಮೊದಲ ಒಂದೆರಡು ನಿಮಿಷ ಮಾತ್ರ ಯಾವ ಉಪಾಯವೂ ನಡೆಯದು. ಆಗ ಫ್ಲ್ಯಾಷ್ ಆರಿಸಿ, ಕಿರಣಗಳ ಎದುರಿನ ನೆರಳಾಕೃತಿಗಳನ್ನು ತೆಗೆಯಿರಿ.

ಫ್ಲ್ಯಾಷ್ ಕೊಳ್ಳುವಾಗ ನೋಡಬೇಕಾದದ್ದು ನಾಲ್ಕೇ ಸಂಗತಿಗಳು. ಬಲವನ್ನು ಕೈಯಿಂದ 1/128ರವರೆಗೆ ಇಳಿಸಲು ಬರಬೇಕು. ತಲೆ ಎಲ್ಲ ದಿಕ್ಕಿಗೂ ತಿರುಗಬೇಕು. ಟ್ರಿಗರಿನ ರಿಸೀವರ್ ಒಳಗೇ ಇರಬೇಕು. ಸಾಧ್ಯವಾದರೆ ನಾಲ್ಕು ಪೆನ್ಸಿಲ್ ಸೆಲ್ಲಿನ ಬದಲು ಲಿಥಿಯಂ ಬ್ಯಾಟರಿಯದಾಗಿರಬೇಕು, ಏಕೆಂದರೆ ಕತ್ತಲಲ್ಲಿ ನೂಕುನುಗ್ಗಲಿನ ನಡುವೆ ನಾಲ್ಕು ಸೆಲ್ಲುಗಳನ್ನು ಸರಿಯಾದ ದಿಕ್ಕಿಗೆ ಕೂರಿಸುವುದು ಬಹಳ ಕಷ್ಟದ ಕೆಲಸ. ಗೋಡಾಕ್ಸ್ ಕಂಪನಿಯ ವಿ860-II, ವಿ860-III ಫ್ಲ್ಯಾಷುಗಳಲ್ಲಿ ಈ ನಾಲ್ಕೂ ಇವೆ, ಬೆಲೆಯೂ ಕ್ಯಾಮೆರಾ ಕಂಪನಿಗಳ ಫ್ಲ್ಯಾಷಿಗಿಂತ ಬಹಳ ಕಡಿಮೆ. ಕೊಳ್ಳುವಾಗ ನಿಕಾನ್ ಮಾದರಿಯನ್ನೇ ಕೇಳಿ ಪಡೆಯಿರಿ. ಮದುವೆ ಮನೆಯಲ್ಲಿ ಮಾಡುವಂತೆ ಛಾವಣಿಗೆ ಹೊಡೆದು ಬೆಳಕನ್ನು ಕೆಳಗಿಳಿಸುವ ಉಪಾಯ ಇಲ್ಲಿ ಉಪಯೋಗಕ್ಕೆ ಬಾರದು: ಕ್ಲಬ್ಬುಗಳ ಛಾವಣಿಗೆ ಸಾಮಾನ್ಯವಾಗಿ ಕಪ್ಪು ಬಣ್ಣ ಬಳಿದಿರುತ್ತಾರೆ, ಅದು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಲ್ಲಿರುವಂಥ ತೆಂಗಿನ ಮಡಲಿನ ಮಾಡಿಗೆ ಹೊಡೆದರೆ ಮುಖದ ಮೇಲೆ ಕಂದು ಬಣ್ಣ ಇಳಿಯುತ್ತದೆ.

ಇನ್ನು ಲೆನ್ಸ್. 50 ಮಿ.ಮೀ. ಎಫ್ 1.8 ಇದ್ದೂ ಚಿತ್ರ ಏಕೆ ಮಸುಕಾಯಿತು ಎಂದು ನೀವು ನೊಂದುಕೊಂಡಿರಬಹುದು. ನಿಮ್ಮ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರಕ್ಕೆ ಅದನ್ನು ಎಫ್ 1.8ರಲ್ಲಿ ತೆರೆದರೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 6 ಸೆಂಟಿಮೀಟರ್ ಮಾತ್ರ. ನಾಲ್ವರು ಹೆಗಲ ಮೇಲೆ ಕೈಹಾಕಿ ನಿಂತರೆ ಒಬ್ಬರ ಮೂಗು ಸ್ಪಷ್ಟ, ಪಕ್ಕದವರ ಮುಖ ಮಸುಕು. ಮೇಲಾಗಿ ಅಂಥ ಇಕ್ಕಟ್ಟಿನಲ್ಲಿ ನಾಲ್ವರನ್ನು ಚೌಕಟ್ಟಿಗೆ ತರಲು ಹಿಂದೆ ಸರಿಯುವ ಜಾಗವೇ ಇರುವುದಿಲ್ಲ. ಅದರ ಬದಲು ಅಗಲ ಕೋನದ 17 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿಟ್ಟು ಒಂದೂವರೆ ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1 ಮೀಟರಿನಿಂದ ಮೂರೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಇದರ ಅರ್ಥವನ್ನು ಸಾವಧಾನವಾಗಿ ಗಮನಿಸಿ: ಬಾಗಿಲ ಬಳಿಯ ದೀಪದಲ್ಲಿ ಒಮ್ಮೆ ಫೋಕಸ್ ಹಿಡಿದು, ಆಟೋ ಫೋಕಸ್ ಆರಿಸಿ, ಫೋಕಸ್ ಉಂಗುರಕ್ಕೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿಬಿಟ್ಟರೆ, ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತ ತಡಕಾಡುವ ಸಮಸ್ಯೆಯೇ ಆ ರಾತ್ರಿಗೆ ಮುಗಿಯಿತು. ಎಷ್ಟು ದುಬಾರಿಯ ಕ್ಯಾಮೆರಾಕ್ಕೂ ಇದಕ್ಕಿಂತ ಬೇಗ ಫೋಕಸ್ ಹಿಡಿಯಲಾಗದು.

ಆದ್ದರಿಂದ ನಾನು ಸೂಚಿಸುವುದು ಸಿಗ್ಮಾದ 17-50 ಮಿ.ಮೀ. ಎಫ್ 2.8 ಲೆನ್ಸನ್ನು, ಅದೂ ಸೆಕೆಂಡ್ ಹ್ಯಾಂಡ್. ಡಿ5600ರ ಒಳಗೆ ಫೋಕಸ್ ಮೋಟರ್ ಇಲ್ಲವಾದ್ದರಿಂದ ಮೋಟರ್ ಲೆನ್ಸಿನಲ್ಲಿಯೇ ಇರಬೇಕು, ಸಿಗ್ಮಾದಲ್ಲಿ ಅದು ಇದೆ. ಟ್ಯಾಮ್ರಾನಿನ ಇದೇ ಅಳತೆಯ ಲೆನ್ಸ್ ಸಿಕ್ಕರೆ ಮೋಟರ್ ಇರುವ ಆವೃತ್ತಿಯೇ ಎಂದು ನಿಮ್ಮ ಕ್ಯಾಮೆರಾಕ್ಕೆ ಹಾಕಿ ಪರೀಕ್ಷಿಸಿಯೇ ಹಣ ಕೊಡಿ. ಎಫ್ 5.6ರಲ್ಲೇ ತೆಗೆಯುವುದಾದರೆ ಈಗಿನ 18-55 ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಫ್ಲ್ಯಾಷ್ ಹಾಕಿ ತೆಗೆಯುವ ಗುಂಪಿನ ಚಿತ್ರಗಳಿಗೆ ಅದು ಸಾಕು, ಮೊದಲ ಒಂದೆರಡು ಶನಿವಾರ ಅದರಲ್ಲೇ ಕೆಲಸ ಮಾಡಿ ನೋಡಿ. ಆದರೆ ಫ್ಲ್ಯಾಷ್ ಇಲ್ಲದೆ ಡಿಜೆಯ ವೇದಿಕೆಯನ್ನೋ, ಇಡೀ ಸಭಾಂಗಣವನ್ನೋ ತೆಗೆಯಬೇಕಾದಾಗ, 55 ಮಿ.ಮೀ.ಯಲ್ಲಿ ಎಫ್ 5.6ಕ್ಕೆ ಮುಚ್ಚಿಕೊಳ್ಳುವ ಲೆನ್ಸಿಗೂ ಎಫ್ 2.8ಕ್ಕೂ ನಡುವೆ ನಾಲ್ಕು ಪಟ್ಟು ಬೆಳಕಿನ ಅಂತರವಿದೆ. ಡಿಜೆಯ ಒಬ್ಬರದೇ ಚಿತ್ರಕ್ಕೆ ನಿಮ್ಮ 50 ಮಿ.ಮೀ. ಬಂಗಾರದಂಥ ಲೆನ್ಸ್, ಅದನ್ನು ಮಾರಬೇಡಿ. ಎಫ್ 2, ಐಎಸ್‌ಒ 3200, 1/125 ಎಂಬಲ್ಲಿಂದ ಆರಂಭಿಸಿ.

ಫುಲ್ ಫ್ರೇಮ್ ಸೆನ್ಸರಿನ ಅಳತೆ 36 ಮತ್ತು 24 ಮಿ.ಮೀ., ನಿಮ್ಮದು ಸುಮಾರು 23.5 ಮತ್ತು 15.6 ಮಿ.ಮೀ. ಫುಲ್ ಫ್ರೇಮಿನ ವಿಸ್ತೀರ್ಣ ನಿಮ್ಮದರ ಸುಮಾರು 2.4 ಪಟ್ಟು, ಆದ್ದರಿಂದ ಹೆಚ್ಚಿನ ಐಎಸ್‌ಒದಲ್ಲಿ ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾಗುವ ಒಂದು ಮೆಟ್ಟಿಲು) ತುಸು ಮಿಗಿಲಾದ ಲಾಭವಿದೆ. ಐಎಸ್‌ಒ 6400ರಲ್ಲಿ ಕೆಲಸ ಮಾಡುವವರಿಗೆ ಅದು ದೊಡ್ಡ ಮಾತು. ಆದರೆ ಮೇಲಿನ ಲೆಕ್ಕದಂತೆ 400, 800ರಲ್ಲಿ ತೆಗೆಯುವ ನಿಮಗೆ ಆ ಲಾಭ ಚಿತ್ರದಲ್ಲಿ ಕಾಣಲಾರದು. ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿಯುವುದು ಅದ್ಭುತವೇ ಸರಿ, ಮುಂದೊಂದು ದಿನ ನೀವೂ ಅದಕ್ಕೆ ಹೋಗುತ್ತೀರಿ. ಆದರೆ ಫ್ಲ್ಯಾಷಿನ ಮುಂಭಾಗದಿಂದ ಹೊಮ್ಮಿ ಕತ್ತಲಲ್ಲಿ ಫೋಕಸಿಗೆ ನೆರವಾಗುವ ಕೆಂಪು ಗೆರೆಗಳನ್ನು ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಬಳಸಿಕೊಳ್ಳುವುದಿಲ್ಲ, ನಿಮ್ಮದರಂಥ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್‌ಗಳು ಬಳಸಿಕೊಳ್ಳುತ್ತವೆ. ನಿಮ್ಮ ನಿಕಾನಿನಲ್ಲಿ ಅದು ಕೆಲಸ ಮಾಡಬೇಕಾದರೆ ಫೋಕಸ್ ವಿಧಾನ ಒಮ್ಮೆ ಹಿಡಿದು ನಿಲ್ಲುವ ಎಎಫ್-ಎಸ್‌ನಲ್ಲಿರಬೇಕು, ಸತತವಾಗಿ ಹಿಂಬಾಲಿಸುವ ಎಎಫ್-ಸಿಯಲ್ಲಿ ಗೆರೆಗಳು ಬರುವುದಿಲ್ಲ. ಲೇಸರ್ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕ್ಲಬ್ಬಿನ ಲೇಸರ್ ಕಿರಣ ನೇರವಾಗಿ ಲೆನ್ಸಿನೊಳಕ್ಕೆ ಬಂದರೆ ಸೆನ್ಸರಿನ ಮೇಲೆ ಶಾಶ್ವತ ಗೆರೆ, ಚುಕ್ಕೆ ಬೀಳಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಶಟರ್ ತೆರೆದ ಕ್ಷಣ ಮತ್ತು ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವ) ಹೊತ್ತಿನಲ್ಲಿ ಮಾತ್ರ ಸೆನ್ಸರ್ ಬೆಳಕಿಗೆ ಒಡ್ಡಿರುತ್ತದೆ, ಮಿರರ್‌ಲೆಸ್‌ನಲ್ಲಿ ಕ್ಯಾಮೆರಾ ಚಾಲೂ ಇರುವಷ್ಟು ಹೊತ್ತೂ ತೆರೆದೇ ಇರುತ್ತದೆ. ಯಾವುದೇ ಕ್ಯಾಮೆರಾ ಇರಲಿ, ಲೇಸರ್ ಯಂತ್ರದ ಬಾಯಿಗೆ ಬೆನ್ನು ಮಾಡಿ ನಿಲ್ಲಿ.

ಡಿ5600ರ ನಿಜವಾದ ಕೊರತೆಗಳು ಎರಡು: ಕಾರ್ಡಿಗೆ ಒಂದೇ ಗೂಡು ಇರುವುದು, ಫೋಕಸ್ ಶಕ್ತಿ -1 ಇವಿಗೆ (ಬೆಳಕಿನ ಮಟ್ಟದ ಅಳತೆ, ಕೆಳಗಿಳಿದಷ್ಟೂ ಕತ್ತಲು) ನಿಲ್ಲುವುದು. ಹಣ ಕೊಡುವವರ ಕೆಲಸಕ್ಕೆ ಎರಡನೆಯ ಕ್ಯಾಮೆರಾ ಇರಲೇಬೇಕು, ಆಗ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200 ಹುಡುಕಿ. 2015ರಲ್ಲಿ ಬಂದ ಈ ಕ್ಯಾಮೆರಾದ ಫೋಕಸ್ -3 ಇವಿವರೆಗೆ, ಅಂದರೆ ನಿಮ್ಮದಕ್ಕಿಂತ ನಾಲ್ಕನೇ ಒಂದು ಭಾಗ ಬೆಳಕಿನಲ್ಲೂ ಹಿಡಿಯುತ್ತದೆ. ಕಾರ್ಡಿಗೆ ಎರಡು ಗೂಡುಗಳಿವೆ. ನಿಮ್ಮ ಲೆನ್ಸುಗಳು, ಹೊಸ ಫ್ಲ್ಯಾಷ್ ಎಲ್ಲವೂ ಹಾಗೆಯೇ ಹೊಂದುತ್ತವೆ. ಡಿ750ರಂಥ ಫುಲ್ ಫ್ರೇಮಿಗೆ ಹೋದರೆ 17-50 ಲೆನ್ಸ್ ಪೂರ್ತಿ ಸೆನ್ಸರನ್ನು ತುಂಬಲಾರದೆ ಚಿತ್ರ ಸುಮಾರು 10 ಮೆಗಾಪಿಕ್ಸೆಲ್ಲಿಗೆ ಇಳಿಯುತ್ತದೆ, ಮತ್ತೆ ಲೆನ್ಸಿಗೆ ಹಣ ಹುಡುಕಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಷ್ಟು ಸಲ ಶಟರ್ ಒತ್ತಿದೆ ಎಂಬ ಲೆಕ್ಕ ಕೇಳಿ, ಟಾರ್ಚ್ ಹಾಕಿ ಲೆನ್ಸಿನೊಳಗೆ ಬೂಷ್ಟಿನ ಎಳೆಗಳಿವೆಯೇ ನೋಡಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ನೀಲಿ ಅಥವಾ ಕೆಂಪು ಎಲ್‌ಇಡಿ ಒಂದೇ ಮುಖದ ಮೇಲೆ ಬಿದ್ದಾಗ ಆ ಒಂದು ಬಣ್ಣದ ಮಾಹಿತಿ ಮಾತ್ರ ಉಕ್ಕಿ ಹರಿದು ಚರ್ಮದ ವಿವರವೆಲ್ಲ ಅಳಿಸಿಹೋಗುತ್ತದೆ, ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಅದನ್ನು ತೋರಿಸುವುದೂ ಇಲ್ಲ. ಮೂರು ಬಣ್ಣಗಳ ಪ್ರತ್ಯೇಕ ಹಿಸ್ಟೋಗ್ರಾಮನ್ನು ತೆರೆದಿಟ್ಟುಕೊಳ್ಳಿ, ರಾ ಫೈಲಿನಲ್ಲೇ (ಸೆನ್ಸರಿನ ಪೂರ್ತಿ ಮಾಹಿತಿ ಉಳಿಸುವ ಕಡತ) ತೆಗೆಯಿರಿ, ಬಣ್ಣದ ಸಮತೋಲವಾದ ವೈಟ್ ಬ್ಯಾಲೆನ್ಸನ್ನು ಫ್ಲ್ಯಾಷಿಗೆ ನಿಲ್ಲಿಸಿಬಿಡಿ. ದಕ್ಷಿಣ ಗೋವಾದ ಪಾಲೊಲೆಮ್ ಕಡೆ ನಡೆಯುವ ಹೆಡ್‌ಫೋನ್ ಪಾರ್ಟಿಗಳಿಗೂ ನಿಮಗೆ ಕರೆ ಬರಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಬೆಳೆದ ಪದ್ಧತಿ ಅದು. ಪ್ರತಿಯೊಬ್ಬರ ತಲೆಯ ಮೇಲಿನ ಹೆಡ್‌ಫೋನ್ ಅವರು ಕೇಳುತ್ತಿರುವ ಡಿಜೆಗೆ ತಕ್ಕಂತೆ ಕೆಂಪು, ಹಸಿರು, ನೀಲಿಯಾಗಿ ಬೆಳಗುತ್ತಿರುತ್ತದೆ. 1/4 ಸೆಕೆಂಡ್ ತೆರೆದು, ಫ್ಲ್ಯಾಷನ್ನು ರಿಯರ್ ಕರ್ಟನ್‌ಗೆ, ಅಂದರೆ ಶಟರ್ ಮುಚ್ಚುವ ಮುನ್ನ ಮಿಂಚುವಂತೆ ಇಟ್ಟರೆ, ಆ ದೀಪಗಳು ಬಾಲ ಬಿಡಿಸಿಕೊಂಡು ಬಂದು ಮುಖದಲ್ಲಿ ನಿಲ್ಲುವ ಚಿತ್ರ ಸಿಗುತ್ತದೆ. ನಿಂತು ಪೋಸ್ ಕೊಡುವವರಿಗೆ ಮಾತ್ರ ರಿಯರ್ ಕರ್ಟನ್ ಬೇಡ. ಮಿಂಚು ಬರುವ ಹೊತ್ತಿಗೆ ಅವರು ನಗು ಮುಗಿಸಿರುತ್ತಾರೆ.

ಹಣದ ಹಂಚಿಕೆ ಹೀಗಿರಲಿ: ಫ್ಲ್ಯಾಷ್, ಟ್ರಿಗರ್, ಹೆಚ್ಚುವರಿ ಬ್ಯಾಟರಿಗೆ ಕಾಲು ಭಾಗ, ಲೆನ್ಸಿಗೆ ಕಾಲು ಭಾಗದೊಳಗೆ. ಉಳಿದ ಅರ್ಧವನ್ನು ಎರಡನೆಯ ಕ್ಯಾಮೆರಾಕ್ಕೆ ಮೀಸಲಿಡಿ, ಆದರೆ ಮೊದಲ ತಿಂಗಳ ಸಂಭಾವನೆ ಕೈಗೆ ಬರುವವರೆಗೆ ಅದನ್ನು ಮುಟ್ಟಬೇಡಿ. ಬೇಕಿದ್ದರೆ ಅಲ್ಲಿಯವರೆಗೆ ಪರಿಚಯದ ಸ್ಟುಡಿಯೋದಿಂದ ಒಂದು ಕ್ಯಾಮೆರಾ ಬಾಡಿಗೆಗೆ ತನ್ನಿ. ಕಿವಿಗೆ ಪ್ಲಗ್ ಕೂಡ ಸಲಕರಣೆಯೇ ಎಂದು ತಿಳಿಯಿರಿ: 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ, ಅದೇ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ಹದಿನೈದೇ ನಿಮಿಷ. ಮತ್ತು ಕೇಳದೆ ಯಾರ ಮುಖವನ್ನೂ ತೆಗೆಯಬೇಡಿ. ಕ್ಯಾಮೆರಾ ತೋರಿಸಿ, ತಲೆಯಾಡಿಸಿದರೆ ಮಾತ್ರ ಒತ್ತಿ. ಕುಡಿದು ಮೈಮೇಲೆ ಎಚ್ಚರವಿಲ್ಲದವರ ಚಿತ್ರವನ್ನು, ಕ್ಲಬ್ಬಿನವರೇ ಕೇಳಿದರೂ, ಕೊಡಬೇಡಿ. ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಪ್ರಶ್ನೆ: ನಾನು ಶಿರಸಿಯ ಕಾಲೇಜು ವಿದ್ಯಾರ್ಥಿನಿ. ಹೋಳಿಯ ಹೊತ್ತಿಗೆ ನಮ್ಮೂರಿನ ಬೀದಿಯಲ್ಲಿ ಕುಣಿಯುವ ಬೇಡರ ವೇಷ ಮತ್ತು ಯಕ್ಷಗಾನದ ಚಿತ್ರ ತೆಗೆಯುವ ಆಸೆ. ಕ್ಲಬ್ಬಿನ ಛಾಯಾಗ್ರಾಹಕರು ಬಳಸುವ ಸಲಕರಣೆಯೇ ಇದಕ್ಕೂ ಆಗುತ್ತದೆಯೇ? ನನ್ನಲ್ಲಿ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಮತ್ತು ಅದರ 18-55 ಲೆನ್ಸ್ ಮಾತ್ರ ಇದೆ.

ಉತ್ತರ: ಒಂದಕ್ಕೆ ಆಗುತ್ತದೆ, ಇನ್ನೊಂದಕ್ಕೆ ಆಗುವುದಿಲ್ಲ. ಬೇಡರ ವೇಷಕ್ಕೂ ಕ್ಲಬ್ಬಿನ ಕುಣಿತಕ್ಕೂ, ಛಾಯಾಗ್ರಹಣದ ಮಟ್ಟಿಗೆ, ಆಶ್ಚರ್ಯವಾಗುವಷ್ಟು ಸಾಮ್ಯವಿದೆ: ಕತ್ತಲ ಬೀದಿ, ಒತ್ತಿಕೊಂಡು ಬರುವ ಜನ, ಹಲಗೆಯ ಬಡಿತಕ್ಕೆ ತಕ್ಕಂತೆ ಯಾವ ಗಳಿಗೆಯಲ್ಲಿ ಯಾವ ಕಡೆಗೆ ಹಾರುತ್ತಾನೋ ಹೇಳಲಾಗದ ಬೇಡ, ಹಿಂದಿನಿಂದ ಹಗ್ಗ ಹಿಡಿದು ಅವನನ್ನು ತಡೆಯುವವರು. ಅಲ್ಲಿಯೂ ಅಗಲ ಕೋನ, ಎಫ್ 5.6, ಮೊದಲೇ ಹಿಡಿದಿಟ್ಟ ಫೋಕಸ್, 1/10 ಸೆಕೆಂಡಿನ ಶಟರ್ ಮತ್ತು ಕಡಿಮೆ ಬಲದ ಫ್ಲ್ಯಾಷ್ ಚೆನ್ನಾಗಿ ಹೊಂದುತ್ತವೆ. ಬೆನ್ನಿನ ನವಿಲುಗರಿಗಳು ಬೀದಿದೀಪದಲ್ಲಿ ಎಳೆಎಳೆಯಾಗಿ ಬೀಸಿಹೋಗಿ, ಮುಖ ಮತ್ತು ಕತ್ತಿ ಮಾತ್ರ ಕೆತ್ತಿದಂತೆ ನಿಲ್ಲುತ್ತವೆ. ನಿಮ್ಮ 18-55 ಇದಕ್ಕೆ ಸಾಕು, ಒಂದು ಹೊರ ಫ್ಲ್ಯಾಷ್ ಮಾತ್ರ ಕೊಳ್ಳಿ. ವೇಷದ ಎದುರಿಗೆ ಅಡ್ಡ ನಿಲ್ಲದೆ ಬೀದಿಯ ಅಂಚಿನಿಂದ ತೆಗೆಯಿರಿ, ಫ್ಲ್ಯಾಷನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಬೇಡಿ. ಬೇಡರ ವೇಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದಲ್ಲಿ ಬರುತ್ತದೆ. ತಪ್ಪಿದರೆ ಎರಡು ವರ್ಷ ಕಾಯಬೇಕು, ಆದ್ದರಿಂದ ಅಭ್ಯಾಸವನ್ನು ಬೇರೆಡೆ ಮೊದಲೇ ಮುಗಿಸಿಕೊಳ್ಳಿ.

ಯಕ್ಷಗಾನದಲ್ಲಿ ಫ್ಲ್ಯಾಷನ್ನು ಚೀಲದಿಂದ ತೆಗೆಯಲೇಬೇಡಿ. ಮಂಡಿ ಹಾಕುತ್ತಿರುವ ಕಲಾವಿದರ ಕಣ್ಣಿಗೆ ಮಿಂಚು ಹೊಡೆದರೆ ಅವರು ನೆಲದ ಅಂದಾಜು ಕಳೆದುಕೊಳ್ಳಬಹುದು, ಇಡೀ ರಾತ್ರಿ ಕೂತ ಪ್ರೇಕ್ಷಕರ ತನ್ಮಯತೆಯೂ ಕೆಡುತ್ತದೆ. ರಂಗಸ್ಥಳದಲ್ಲಿ ಈಗ ಕ್ಲಬ್ಬಿಗಿಂತ ಎಷ್ಟೋ ಹೆಚ್ಚು ಬೆಳಕಿರುತ್ತದೆ, ಬೇಕಾದದ್ದು ಅದನ್ನು ಹೀರಿಕೊಳ್ಳುವ ಲೆನ್ಸ್. ಕ್ಯಾನನ್ನಿನ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಕಡಿಮೆ ಬೆಲೆಯದು, ನಿಮ್ಮ ಕ್ಯಾಮೆರಾದಲ್ಲಿ ಅದು 80 ಮಿ.ಮೀ. ಕೋನದಂತೆ ಕಾಣುತ್ತದೆ, ಮೂರನೆಯ ನಾಲ್ಕನೆಯ ಸಾಲಿನಿಂದ ಒಂದು ವೇಷ ತಲೆಯಿಂದ ಕಾಲಿನವರೆಗೆ ಹಿಡಿಸುತ್ತದೆ. ಎಫ್ 2.2, ಐಎಸ್‌ಒ 1600, 1/250ರಿಂದ ಆರಂಭಿಸಿ. ಕಿರೀಟದ ಬೇಗಡೆ ಹೊಳೆದು ಕ್ಯಾಮೆರಾದ ಮೀಟರನ್ನು ದಾರಿ ತಪ್ಪಿಸುತ್ತದೆ, ಹಾಗಾಗಿ ಎಕ್ಸ್‌ಪೋಶರನ್ನು ಮುಖದ ಬಣ್ಣಗಾರಿಕೆ ನೋಡಿ ಕೈಯಿಂದಲೇ ನಿಲ್ಲಿಸಿ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತಿನ ಚಿತ್ರಗಳು ರಂಗದ ಚಿತ್ರಗಳಿಗಿಂತಲೂ ನನಗೆ ಪ್ರಿಯ, ಆದರೆ ಮೇಳದ ಹಿರಿಯರ ಅಪ್ಪಣೆ ಪಡೆದೇ ಒಳಗೆ ಹೋಗಿ.

ಪ್ರಶ್ನೆ: ಕ್ಲಬ್ಬಿನಿಂದ ಹೊರಗೆ ಬಂದ ಕೂಡಲೇ ನನ್ನ ಲೆನ್ಸ್ ಬೆವರುತ್ತದೆ. ಮಳೆಗಾಲದಲ್ಲಿ ಒಳಗೆ ಬೂಷ್ಟು ಕೂಡ ಬಂದಿದೆ. ನಾನು ಕುಮಟಾದವನು. ಪರಿಹಾರವೇನು?

ಉತ್ತರ: ಎಸಿಯಲ್ಲಿ ತಣಿದ ಗಾಜಿಗೆ ಕಡಲತೀರದ ತೇವದ ಗಾಳಿ ತಾಗಿದಾಗ ನೀರು ಕಟ್ಟುತ್ತದೆ. ಒಳಗೆ ಹೋಗುವಾಗ ಇದು ಆಗುವುದಿಲ್ಲ, ಹೊರಗೆ ಬರುವಾಗ ಮಾತ್ರ. ಆದ್ದರಿಂದ ಹೊರಡುವ ಮುನ್ನ ಕ್ಲಬ್ಬಿನೊಳಗೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬ್ಯಾಗಿನಲ್ಲಿಡಿ, ಹೊರಗೆ ಅರ್ಧ ಗಂಟೆ ತೆಗೆಯಬೇಡಿ. ನೀರು ಚೀಲದ ಮೇಲೆ ಕಟ್ಟುತ್ತದೆ, ಗಾಜಿನ ಮೇಲಲ್ಲ. ಬೆವರಿದ ಲೆನ್ಸನ್ನು ಒರೆಸುವುದು, ಆ ಹೊತ್ತಿನಲ್ಲಿ ಲೆನ್ಸ್ ಬದಲಿಸುವುದು ಎರಡೂ ತಪ್ಪು. ಕಡಲತೀರದ ಪಾರ್ಟಿಯಾಗಿದ್ದರೆ ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ ಉಪ್ಪು ತೆಗೆದು, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ.

ಬೂಷ್ಟು ಬೇರೆಯದೇ ಕಥೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸೀಸನ್ ಮುಗಿಸಿ ಲೆನ್ಸನ್ನು ಚರ್ಮದ ಅಥವಾ ಬಟ್ಟೆಯ ಬ್ಯಾಗಿನಲ್ಲಿ ಕಟ್ಟಿಟ್ಟರೆ ಆ ನಾಲ್ಕು ತಿಂಗಳು ಬೂಷ್ಟಿಗೆ ಹಬ್ಬ. ಸಾಧ್ಯವಿದ್ದವರು ತೇವಾಂಶವನ್ನು 40ರಿಂದ 50 ಶೇಕಡಾದಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಕೊಳ್ಳಬೇಕು. ಇಲ್ಲವಾದರೆ ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಡಬ್ಬಿ, ಅದರೊಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. ಬಣ್ಣ ಬದಲಿಸುವ ಜೆಲ್ ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಕಣ್ಣಿಗೇ ತಿಳಿಯುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ರೂಢಿ ನಮ್ಮಲ್ಲಿದೆ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ, ಬೇಡ. ಈಗಾಗಲೇ ಬೂಷ್ಟು ಬಂದ ಲೆನ್ಸನ್ನು ಉಳಿದವುಗಳಿಂದ ಬೇರೆ ಡಬ್ಬಿಯಲ್ಲಿಟ್ಟು, ಬಿಚ್ಚಿ ತೊಳೆಯಬಲ್ಲ ಲೆನ್ಸ್ ಮೆಕ್ಯಾನಿಕ್ಕಿಗೆ ಆದಷ್ಟು ಬೇಗ ಕೊಡಿ. ಎಳೆಗಳು ಗಾಜಿನ ಲೇಪನವನ್ನು ತಿನ್ನುವ ಮೊದಲು ತೊಳೆದರೆ ಕಲೆ ಉಳಿಯುವುದಿಲ್ಲ.